ಇಸ್ತ್ರಿಗೆ ಸಿಕ್ಕ ಇತಿಹಾಸ

ಮಗನ ಪರೀಕ್ಷೆಯ ದಿನ ಅವನ ಪ್ಯಾಂಟಿಗೆ ಇಸ್ತ್ರಿ ಹಾಕೋಣವೆಂದು ಫತ್ತೂಮಳಿಗೆ ಅನ್ನಿಸಿದ್ದೇ ಅಂದಿನ ಅನಾಹುತಕ್ಕೆಲ್ಲ ಮೂಲ. ಹದಿನೇಳು ವರ್ಷಗಳಲ್ಲಿ ಝುಹೈರನ ಪ್ಯಾಂಟು ಇಸ್ತ್ರಿ ಕಂಡದ್ದು ಒಂದೇ ಸಲ, ಅದೂ ಚಿಕ್ಕಪ್ಪನ ಮದುವೆಗೆ. ಅವತ್ತು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಬಿಸಿಯಾಯಿತು, ಪ್ಯಾಂಟು ಮೇಜಿನ ಮೇಲೆ ಅಂಗಾತ ಮಲಗಿತು, ಎಡಜೇಬಿನ ಮೇಲೆ ಪೆಟ್ಟಿಗೆ ಏನೋ ಗಟ್ಟಿಯಾದ್ದಕ್ಕೆ ತಗುಲಿ ಎಡವಿತು. ಬಲಜೇಬಿನ ಮೇಲೂ ಎಡವಿತು.

ಝುಹೈರ್ ಒಳಕೋಣೆಯಲ್ಲಿ ಮಲಗಿದ್ದ. ಮಧ್ಯಾಹ್ನ ಮೂರಕ್ಕೆ ಇತಿಹಾಸ-ಭೂಗೋಳದ ಪರೀಕ್ಷೆ ಇಟ್ಟುಕೊಂಡ ಹುಡುಗ ಬೆಳಿಗ್ಗೆ ಹತ್ತಾದರೂ ಗೊರಕೆ ಹೊಡೆಯುತ್ತಿದ್ದನೆಂದರೆ ಅದಕ್ಕೆ ತನ್ನ ತಯಾರಿಯ ಮೇಲೆ ಅವನಿಗಿದ್ದ ಭರವಸೆಯೇ ಕಾರಣ. ಆ ತಯಾರಿ ಜೇಬಿನಲ್ಲಿತ್ತು.

ಝುಹೈರ್ ವಿಜ್ಞಾನದ ವಿದ್ಯಾರ್ಥಿ. ಇಳಿಜಾರಿನಲ್ಲಿ ಬಿಟ್ಟ ಗೋಲಿ ಎಷ್ಟು ಸೆಕೆಂಡಿಗೆ ಕೆಳಗೆ ಬರುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲ. ಆದರೆ ಒಂದು ಸಾಮ್ರಾಜ್ಯ ಕೆಳಗೆ ಬರಲು ಎಷ್ಟು ವರ್ಷ ಹಿಡಿಯಿತು ಎಂದು ಕೇಳಿದರೆ ಅವನ ತಲೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಗೋಲಿಗೆ ಒಂದು ಸೂತ್ರವಿದೆ, ಸಾಮ್ರಾಜ್ಯಕ್ಕಿಲ್ಲ ಎನ್ನುವುದು ಅವನ ವಾದ. ಪರೀಕ್ಷಾ ಮಂಡಳಿಗೆ ಈ ವಾದ ತಲುಪಿರಲಿಲ್ಲ. ವಿಜ್ಞಾನದವರೂ ಈ ವರ್ಷ ಪ್ರಾದೇಶಿಕ ಪರೀಕ್ಷೆಯಲ್ಲಿ ಇತಿಹಾಸ-ಭೂಗೋಳ ಬರೆಯಬೇಕು. ಆ ಅಂಕ ಮುಂದಿನ ವರ್ಷದ ಅಂತಿಮ ಫಲಿತಾಂಶಕ್ಕೆ ಸೇರುತ್ತದೆ. ಇಪ್ಪತ್ತಕ್ಕೆ ಹದಿನಾಲ್ಕಾದರೂ ಬರದಿದ್ದರೆ ಎಂಜಿನಿಯರ್ ಆಗುವ ಆಸೆಯನ್ನು ಮೊರೊಕ್ಕೊದ ತಮ್ಮ ಸೆಫ್ರೂ ಊರಿನ ಹೊಳೆಗೆ ಬಿಟ್ಟುಬಿಡಬೇಕಾಗಿತ್ತು.

ಆದ್ದರಿಂದ ಅವನು ಸಮಸ್ಯೆಯನ್ನು ವೈಜ್ಞಾನಿಕವಾಗಿ ಎದುರಿಸಿದ. ಶಾಲೆಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಜೂನ್ ತಿಂಗಳಲ್ಲಿ ಯಾರೂ ‘ಎಷ್ಟು ಪ್ರತಿ’ ಎಂದು ಕೇಳುವುದಿಲ್ಲ, ‘ಎಷ್ಟು ಚಿಕ್ಕದು’ ಎಂದು ಕೇಳುತ್ತಾರೆ. ಪುಟವನ್ನು ಶೇಕಡ ನೂರರಿಂದ ಐವತ್ತಕ್ಕೆ ಇಳಿಸಿದರೆ ಜೇಬು ಉಬ್ಬುತ್ತದೆ. ಇಪ್ಪತ್ತಕ್ಕೆ ಇಳಿಸಿದರೆ ಅಕ್ಷರಗಳು ಸತ್ತ ಇರುವೆಗಳಾಗುತ್ತವೆ. ಮೂವತ್ತೆರಡರಲ್ಲಿ ಇರುವೆಗಳಿಗೆ ಇನ್ನೂ ಜೀವವಿರುತ್ತದೆ ಎಂದು ಅವನು ಏಳು ಪ್ರಯೋಗಗಳ ನಂತರ ಕಂಡುಹಿಡಿದ. ಹೆಬ್ಬೆರಳಿನಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ಹಾರ್ಮೋನಿಯಂ ತಿದಿಯಂತೆ ಮಡಿಸಿ, ದಾರ ಸುತ್ತಿ, ಎಡಜೇಬಿಗೆ ಇತಿಹಾಸ, ಬಲಜೇಬಿಗೆ ಭೂಗೋಳ ಇಟ್ಟ. ಇದಕ್ಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಓದಿದ್ದರೆ ಎರಡೂ ವಿಷಯ ಬಾಯಿಗೆ ಬರುತ್ತಿದ್ದವು ಎಂಬುದು ಅವನಿಗೆ ಹತ್ತನೆಯ ದಿನ ಹೊಳೆಯಿತು.

ಮನೆಯಲ್ಲಿ ಇದ್ಯಾವುದೂ ಗೊತ್ತಿಲ್ಲ. ಕೋಣೆಯ ದೀಪ ಉರಿಯುವುದನ್ನು ಕಂಡು ಫತ್ತೂಮ ಮಗ ಓದುತ್ತಿದ್ದಾನೆಂದು ಪುದೀನ ಚಹಾ ತಂದಿಡುತ್ತಿದ್ದಳು. ಅವನಿಗಾಗಿ ಒಂದು ತಿಂಗಳಿಂದ ಟೀವಿಗೆ ಬಟ್ಟೆ ಹೊದಿಸಿಟ್ಟಿದ್ದಳು. ಆ ಟೀವಿಯಲ್ಲೇ ಧಾರಾವಾಹಿ ನೋಡುತ್ತಿದ್ದ ಕೆಳಗಿನ ಮನೆಯ, ಹಜ್ ಯಾತ್ರೆ ಮುಗಿಸಿದ ಮುದುಕಿ ಹಾಜ್ಜಾ ತಾಮು ಕೂಡ, “ನಮ್ಮ ಹುಡುಗ ಎಂಜಿನಿಯರ್ ಆಗ್ಲಿ, ಆ ಸೊಸೆ ಸತ್ತಳೋ ಬದುಕಿದಳೋ ಆಮೇಲೆ ತಿಳ್ಕೊಂಡ್ರಾಯ್ತು,” ಎಂದು ತ್ಯಾಗ ಮಾಡಿದ್ದಳು.

ಈಗ ಆ ಹಾಜ್ಜಾ ತಾಮುವಿನ ಕೂಗಿಗೇ ಝುಹೈರನಿಗೆ ಎಚ್ಚರವಾಯಿತು.

“ಮುಟ್ಟಬೇಡ ಫತ್ತೂಮ! ಬರಿಗೈಲಿ ಮುಟ್ಟಬೇಡ! ಚಿಮಟ ತಗೊಂಬಾ!”

ಅವನು ಕಣ್ಣುಜ್ಜುತ್ತ ಹೊರಬಂದು ನೋಡಿದರೆ ಮೇಜಿನ ಮೇಲೆ ಒಂಬತ್ತು ದಿನಗಳ ಶ್ರಮ ಒಂದು ತಟ್ಟೆಯಲ್ಲಿ ಕೂತಿತ್ತು. ಅದರ ಸುತ್ತ ಉಪ್ಪಿನ ಗೆರೆ. ಆಚೆ ಇಬ್ಬರು ಹೆಂಗಸರು, ಹಾವು ಕಂಡವರಂತೆ.

“ಏನಮ್ಮಾ ಅದು?” ಎಂದ. ಆ ಪ್ರಶ್ನೆ ಕೇಳಲು ಅವನಷ್ಟು ಅನರ್ಹ ಮನುಷ್ಯ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

“ಮಾಟ ಕಣೋ, ನನ್ನ ಕಂದ!” ಫತ್ತೂಮ ಅಳತೊಡಗಿದಳು. “ನಿನ್ನ ಎರಡೂ ಜೇಬಲ್ಲಿ ಮಾಟ ಇಟ್ಟಿದಾರೆ! ಪರೀಕ್ಷೆ ದಿನವೇ!”

ಫತ್ತೂಮಳಿಗೆ ಓದು ಬಾರದು. ಹಾಜ್ಜಾ ತಾಮುವಿಗೆ ಬರುತ್ತದೆಂಬ ಪ್ರತೀತಿ ಇತ್ತು, ಆದರೆ ಆಕೆಯ ಕನ್ನಡಕ ದೂರ ನೋಡುವುದಕ್ಕೆ. ಆಕೆ ಚಿಮಟದಿಂದ ಭೂಗೋಳವನ್ನು ಎತ್ತಿ, ದಾರ ಬಿಚ್ಚಿ, ಕೈ ಎಷ್ಟು ಉದ್ದ ಚಾಚಬಹುದೋ ಅಷ್ಟು ಚಾಚಿ ನೋಡಿದಳು.

“ನೋಡಿಲ್ಲಿ. ಚೌಕದೊಳಗೆ ಚೌಕ, ಒಂದೊಂದರಲ್ಲೂ ಅಂಕಿ. ಇದು ಬಾಯಿ ಕಟ್ಟೋ ಯಂತ್ರ.”

ಅದು ಯುರೋಪ್ ಒಕ್ಕೂಟದ ಕೃಷಿ ಉತ್ಪಾದನೆಯ ಕೋಷ್ಟಕ.

“ಇದು ನೋಡು, ಕಪ್ಪೆ. ಕಪ್ಪೆ ಮೈತುಂಬ ಬಾಣ ಚುಚ್ಚಿದಾರೆ. ನಿನ್ನ ಮಗನ ಬುದ್ಧಿಗೆ ಚುಚ್ಚಿದ್ದು ಇದು.”

ಅದು ಅಮೆರಿಕದ ಕೈಗಾರಿಕಾ ಪ್ರದೇಶಗಳ ನಕ್ಷೆ. ಬುದ್ಧಿಗೆ ಚುಚ್ಚಿದ್ದಂತೂ ನಿಜವೇ.

ಹೇಳಿಬಿಡೋಣ ಅನ್ನಿಸಿತು. ‘ಅಮ್ಮಾ, ಇದು ಮಾಟ ಅಲ್ಲ, ನಾನು ಪರೀಕ್ಷೆಯಲ್ಲಿ ಕದಿಯೋಕೆ ಮಾಡಿಕೊಂಡ ಚೀಟಿ.’ ಎಷ್ಟು ಚಿಕ್ಕ ವಾಕ್ಯ. ಅವನು ಬಾಯಿ ತೆರೆದ. ಬಟ್ಟೆ ಹೊದ್ದ ಟೀವಿ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ.

“ಪಾಪ, ಮಾತೇ ಹೊರಡ್ತಿಲ್ಲ ಮಗೂಗೆ,” ಎಂದಳು ಹಾಜ್ಜಾ ತಾಮು. “ಹೇಳಲಿಲ್ವಾ, ಬಾಯಿ ಕಟ್ಟೋ ಯಂತ್ರ ಅಂತ.”

“ಯಾರೋ ತಮಾಷೆಗೆ ಇಟ್ಟಿರಬಹುದು, ಕೊಡಿ ಇಲ್ಲಿ, ನಾನೇ ಹೊಳೆಗೆ ಎಸೆದು ಬರ್ತೀನಿ,” ಎಂದು ಅವನು ಕೈ ಚಾಚಿದ. ಹಾಜ್ಜಾ ಚಿಮಟದಿಂದಲೇ ಅವನ ಕೈಗೆ ಹೊಡೆದಳು.

“ಮಾಟ ಮಾಡಿಸಿಕೊಂಡೋನಿಗೆ ಮಾಟದ ಮೇಲೇ ಆಸೆ ಬರೋದು! ಅದೂ ಒಂದು ಲಕ್ಷಣ.”

ಮೊದಲ ಪರೀಕ್ಷೆ ನೀರಿನದು. ಒಳ್ಳೆಯವರು ಬರೆದ ಅಕ್ಷರ ನೀರಿಗೆ ಹಾಕಿದರೆ ಕರಗುತ್ತದೆ, ಕೆಟ್ಟವರು ಬರೆದದ್ದು ಕರಗುವುದಿಲ್ಲ ಎಂದು ಹಾಜ್ಜಾ ಸಾರಿದಳು. ಭೂಗೋಳವನ್ನು ಬೋಗುಣಿಯಲ್ಲಿ ಮುಳುಗಿಸಿ ಅಲುಗಿಸಿದರು. ಜೆರಾಕ್ಸ್ ಯಂತ್ರದ ಕಪ್ಪು ಪುಡಿಯೆಂದರೆ ಇಂಗಾಲ ಮತ್ತು ಪ್ಲಾಸ್ಟಿಕ್. ಅದು ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ನೀರಿಗೆ ಸೊಪ್ಪು ಹಾಕುವುದಿಲ್ಲ. ಇಡೀ ಮನೆಯಲ್ಲಿ ಈ ಸತ್ಯ ಬಲ್ಲವನು ಝುಹೈರ್ ಒಬ್ಬನೇ. ಅದನ್ನು ಹೇಳುವಂತಿಲ್ಲದವನೂ ಅವನೊಬ್ಬನೇ.

ಕಾಲು ಗಂಟೆಯಾದರೂ ಒಂದು ಇರುವೆ ಕೂಡ ಅಳಿಸಲಿಲ್ಲ.

“ಅಬ್ಬಬ್ಬಾ,” ಎಂದಳು ಹಾಜ್ಜಾ, ಒಂದು ಬಗೆಯ ಗೌರವದಿಂದ. “ಎಂಥ ಗಟ್ಟಿ ಕೈಯವನ ಹತ್ರ ಮಾಡ್ಸಿದಾರೆ!”

ಎರಡನೆಯದು ಬೆಂಕಿಯ ಪರೀಕ್ಷೆ. ಮಣ್ಣಿನ ಅಗ್ಗಿಷ್ಟಿಕೆಗೆ ಕೆಂಡ ಬಂತು. ಕೆಂಡದ ಮೇಲೆ ದೃಷ್ಟಿ ತೆಗೆಯುವ ಹಾರ್ಮೆಲ್ ಬೀಜ, ಪಟಿಕದ ಹರಳು, ಅದರ ಮೇಲೆ ಹಿಂಡಿದ ಭೂಗೋಳ. ಪ್ಲಾಸ್ಟಿಕ್ ಸುಟ್ಟರೆ ಬರುವ ವಾಸನೆಯೇ ಬಂತು, ಕಪ್ಪು ಹೊಗೆಯೇ ಎದ್ದಿತು. ಆ ಹೊಗೆಯಲ್ಲಿ ಫತ್ತೂಮ ಮಗನ ತಲೆಯನ್ನು ಏಳು ಸಲ ಸುತ್ತು ಹಾಕಿಸಿದಳು. ಯುರೋಪಿನ ಗೋಧಿ, ಅಮೆರಿಕದ ಉಕ್ಕು, ಅರಬ್ ಲೋಕದ ನೀರಿನ ಕೊರತೆ ಎಲ್ಲವೂ ಅವನ ಮೂಗಿನ ಮೂಲಕ ಒಳಗೆ ಹೋದವು. ಭೂಗೋಳ ಅವನೊಳಗೆ ಅಷ್ಟು ಆಳಕ್ಕೆ ಇಳಿದದ್ದು ಅದೇ ಮೊದಲು.

ಪಟಿಕದ ಹರಳು ಶಾಖಕ್ಕೆ ಉಬ್ಬಿ ಬಿಳಿ ನೊರೆಯಂತೆ ಎದ್ದು ಗಟ್ಟಿಯಾಯಿತು. ಹಾಜ್ಜಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಾಟ ಮಾಡಿಸಿದವರ ಮುಖ ಅದರಲ್ಲಿ ಮೂಡುತ್ತದೆಂದು ಲೋಕಕ್ಕೇ ಗೊತ್ತು.

“ಇದು ಮೂಗು,” ಎಂದಳು. “ಇಷ್ಟು ಉದ್ದದ ಮೂಗು ನಮ್ಮ ಓಣೀಲಿ ಯಾರಿಗಿದೆ?”

ಇಬ್ಬರು ಹೆಂಗಸರೂ ಒಟ್ಟಿಗೆ ಎದುರುಮನೆಯ ಕಡೆ ತಿರುಗಿದರು. ಅಲ್ಲಿ ಝುಬಿದಾ ಮಹಡಿಯ ಕಟ್ಟೆಗೆ ಒರಗಿ ಕಂಬಳಿ ಒದರುತ್ತಿದ್ದಳು. ಅವಳ ಮಗಳೂ ಅದೇ ಪರೀಕ್ಷೆ ಬರೆಯುವವಳು.

“ಝುಬಿದಾ!” ಫತ್ತೂಮ ಕಿಟಕಿಯಿಂದ ಗುಡುಗಿದಳು. “ನಿನ್ನ ಮಗಳು ಪಾಸಾಗಬೇಕಾದ್ರೆ ನನ್ನ ಮಗನ ಜೇಬಿಗೇ ಕೈ ಹಾಕಬೇಕಾ?”

“ನಿನ್ನ ಮಗನ ಜೇಬಲ್ಲಿ ಏನಿದೆ ಅಂತ ಕೈ ಹಾಕ್ಲಿ? ತೂತು ಬಿಟ್ರೆ!” ಝುಬಿದಾ ಕಂಬಳಿಯನ್ನು ಇನ್ನಷ್ಟು ಜೋರಾಗಿ ಒದರಿದಳು. “ನನ್ನ ಮಗಳು ನಾಲ್ಕು ಗಂಟೆಗೆ ಎದ್ದು ಓದ್ತಾಳೆ. ನಿನ್ನ ಮಗ ಎಷ್ಟಕ್ಕೆ ಎದ್ದ? ಕೇಳು ಅವನನ್ನೇ!”

“ನೋಡು ಹಾಜ್ಜಾ, ನಾಲ್ಕು ಗಂಟೆಗೆ ಎದ್ದೇ ಇರ್ತಾರಂತೆ. ಅದೇ ಹೊತ್ತಿಗೇ ಇಂಥ ಕೆಲಸ ಮಾಡೋದು!”

ಓಣಿಯಲ್ಲಿ ಕಿಟಕಿಗಳು ಒಂದೊಂದಾಗಿ ತೆರೆದವು. ಝುಹೈರ್ ಹೊಗೆ ಕುಡಿದ ಕೆಮ್ಮಿನ ನೆಪದಲ್ಲಿ ತಟ್ಟೆಯ ಕಡೆ ಸರಿದ. ಎಡಜೇಬಿನ ಇತಿಹಾಸ ಇನ್ನೂ ಅಲ್ಲೇ ಇತ್ತು. ಅರ್ಧದಷ್ಟು ಅಂಕಗಳಾದರೂ ಉಳಿಯಲಿ ಎಂದು ಬೆರಳು ಚಾಚಿದ. ಅಷ್ಟರಲ್ಲಿ ತಾಯಿ ಅದನ್ನು ಕರವಸ್ತ್ರದಲ್ಲಿ ಕಟ್ಟಿ ಎದೆಯೊಳಗೆ ತುರುಕಿಕೊಂಡಾಗಿತ್ತು.

“ಇದನ್ನ ಸುಡೋದು ಬೇಡ. ಮಸೀದಿಯ ಫಕೀಹ್ ಸೀ ಅಲ್ಲಾಲ್ ಹತ್ರ ತಗೊಂಡು ಹೋಗೋಣ. ಮಾಡಿದೋರ ಹೆಸರು ಅವರೇ ಹೇಳ್ತಾರೆ. ನಡಿ!”

ಅವರು ಹೇಳುವ ಹೆಸರು ಯಾರದಿರುತ್ತದೆಂದು ಝುಹೈರನಿಗೆ ಗೊತ್ತಿತ್ತು. ಆದರೂ ನಡೆದ. ಮುಂದೆ ಕಾಣಿಕೆಗೆಂದು ಗೋಪುರದಾಕಾರದ ಸಕ್ಕರೆಗಟ್ಟಿ ಹೊತ್ತ ತಾಯಿ, ಹಿಂದೆ ಹಾಜ್ಜಾ ತಾಮು, ನಡುವೆ ಅವನು, ಸುನ್ನತಿಗೆ ಹೊರಟ ಮಗುವಿನ ಹಾಗೆ.

ಸೀ ಅಲ್ಲಾಲ್ ನಲವತ್ತು ವರ್ಷ ಮಕ್ಕಳಿಗೆ ಮರದ ಹಲಗೆಯ ಮೇಲೆ ಅಕ್ಷರ ತಿದ್ದಿಸಿದವರು. ಈಗ ಮಸೀದಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ಕೂತು, ಕೇಳಿದವರಿಗೆ ತಾಯಿತ ಬರೆದುಕೊಡುತ್ತಿದ್ದರು. ಕರವಸ್ತ್ರ ಬಿಚ್ಚಿ, ಭೂತಗನ್ನಡಿ ಹಿಡಿದು, ಒಂದು ಮಡಿಕೆ ನೋಡಿದರು. ಇನ್ನೊಂದು ಮಡಿಕೆ ನೋಡಿದರು. ಅವರ ಗಡ್ಡ ಒಂದು ಸಲ ಅಲುಗಿತು.

“ಹೆಂಗಸರು ಹೊರಗೆ ಕೂತಿರಿ,” ಎಂದರು ಗಂಭೀರವಾಗಿ. “ಇದು ಅಪಾಯದ್ದು.”

ಬಾಗಿಲು ಮುಚ್ಚಿತು.

“ಯಾರಪ್ಪಾ ಮಾಡಿದ್ದು ಇದನ್ನ?”

“ನಾನೇ, ಸೀ ಅಲ್ಲಾಲ್,” ಎಂದ ಝುಹೈರ್. ಬೆಳಗಿನಿಂದ ಅದುಮಿಟ್ಟುಕೊಂಡದ್ದು ಒಮ್ಮೆಲೇ ಹೊರಬಂತು. ಅದರ ಹಿಂದೆ ಸ್ವಲ್ಪ ಅಳುವೂ ಬಂತು.

“ಅಂದುಕೊಂಡೆ. ಮಾಟ ಮಾಡೋರು ಸೋಮಾರಿಗಳು, ಇಷ್ಟೊಂದು ಕಷ್ಟ ಪಡಲ್ಲ.” ಮುದುಕರು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. “ನಿಮ್ಮಮ್ಮನಿಗೆ ಹೇಳಲ್ಲ, ಹೆದರಬೇಡ. ಆದ್ರೆ ಒಂದು ಹೇಳು. ಇದು ಇಲ್ದೆ ನಿನಗೆ ಏನಾದ್ರೂ ಬರುತ್ತಾ?”

“ಏನೂ ಬರಲ್ಲ.”

“ನಾಲ್ಕು ಸಲ ಕತ್ತರಿಸಿ, ಅಂಟಿಸಿ, ಮಡಿಸಿದ್ದೀಯ. ಕತ್ತೆ ಮಾಡಿದ್ರೂ ಅಷ್ಟೋ ಇಷ್ಟೋ ತಲೆಗೆ ಅಂಟಿರುತ್ತೆ. ಶುರು ಮಾಡು.”

ಅವರು ಭೂತಗನ್ನಡಿಯಲ್ಲಿ ಪಾಠದ ಹೆಸರು ಓದುವುದು, ಅವನು ಕಣ್ಣು ಮುಚ್ಚಿ ಹೇಳುವುದು. ಆಶ್ಚರ್ಯವೆಂದರೆ ಬಂತು. ತಡವರಿಸಿಕೊಂಡು, ಕುಂಟಿಕೊಂಡು, ಆದರೂ ಬಂತು. ನಮ್ಮ ನೆಲದ ಮೇಲೆ ಯುರೋಪಿನವರು ಕಣ್ಣು ಹಾಕಿದ ಪಾಠಕ್ಕೆ ಬಂದಾಗ ಸೀ ಅಲ್ಲಾಲ್ ಕನ್ನಡಿ ಇಳಿಸಿದರು.

“ಈ ಪಾಠದಲ್ಲಿ ನಮ್ಮಜ್ಜ ಇದ್ದ. ಕುದುರೆ ಮೇಲೆ. ಪುಸ್ತಕದಲ್ಲಿ ಅವನ ಹೆಸರಿದೆಯಾ?”

“ಇಲ್ಲ.”

“ಹಾಗಾದ್ರೆ ಅರ್ಧ ಪುಸ್ತಕ. ಇರಲಿ, ಮುಂದೆ ಹೇಳು. ಗಟ್ಟಿಯಾಗಿ!”

ಗಟ್ಟಿಯಾಗಿ ಹೇಳಿದ್ದು ಬಾಗಿಲಾಚೆಗೂ ಕೇಳಿಸಿತು. ವೆರ್ಸಾಯ್! ಸರಾಯೆವೊ! ವಾಲ್ ಸ್ಟ್ರೀಟ್!

“ಕೇಳಿಸ್ತಾ?” ಫತ್ತೂಮ ಹಾಜ್ಜಾಳ ತೋಳು ಹಿಡಿದಳು. “ಇದು ನನ್ನ ಮಗನ ಮಾತಲ್ಲ. ಒಳಗಿರೋ ಜಿನ್ನ್ ಮಾತಾಡ್ತಿದೆ.”

“ಪರದೇಶದ್ದು,” ಎಂದಳು ಹಾಜ್ಜಾ, ಕಿವಿಗೊಟ್ಟು. “ಫ್ರೆಂಚ್ ಜಿನ್ನ್ ಇರಬೇಕು.”

“ಹಾಳಾದ್ದು! ನಿನ್ನೆ ಫ್ರೆಂಚ್ ಪರೀಕ್ಷೆ ಇತ್ತು, ಆಗ ಎಲ್ಲಿ ಹೋಗಿತ್ತು?”

ಒಂದೂವರೆ ಗಂಟೆಯ ನಂತರ ಬಾಗಿಲು ತೆರೆಯಿತು. ಝುಹೈರ್ ಬೆವತಿದ್ದ, ಆದರೆ ಅವನ ಮುಖದಲ್ಲಿ ಬೆಳಕಿತ್ತು. ಸೀ ಅಲ್ಲಾಲ್ ಹೆಂಗಸರಿಗೆ, “ಮಾಡಿದವರು ಯಾರು ಅಂತ ಗೊತ್ತಾಯ್ತು. ಬುದ್ಧಿ ಹೇಳಿದ್ದೀನಿ. ಝುಬಿದಾ ಅಲ್ಲ. ಹೋಗಿ ಅವಳಿಗೆ ಒಂದು ಲೋಟ ಚಹಾ ಕೊಡಿ,” ಎಂದರು. “ಆ ಕೆಟ್ಟ ಕಾಗದ ನನ್ನ ಹತ್ರಾನೇ ಇರುತ್ತೆ. ಹುಡುಗ ಊಟ ಮಾಡ್ಲಿ. ಅಷ್ಟರಲ್ಲಿ ಒಂದು ತಾಯಿತ ಬರೆದಿಡ್ತೀನಿ, ಬಂದು ತಗೊಂಡು ಹೋಗಿ ಅವನ ಮೈಮೇಲೆ ಹಾಕಿ.”

ಎರಡೂವರೆಗೆ ಫತ್ತೂಮ ಓಡಿ ಹೋಗಿ ತಾಯಿತ ತಂದಳು. ಹಸಿರು ಬಟ್ಟೆಯ ಪುಟ್ಟ ಚೀಲ. ಹೊಲಿಯಲು ಹೊತ್ತಿರಲಿಲ್ಲ, ಅಂಗಿಯ ಒಳಗೆ, ಎದೆಯ ಎಡಭಾಗಕ್ಕೆ, ಕಂಬಳಿಗೆ ಹಾಕುವ ದೊಡ್ಡ ಪಿನ್ನಿನಿಂದ ಚುಚ್ಚಿದಳು.

“ತೆಗೀಬೇಡ. ಕಷ್ಟ ಬಂದ್ರೆ ಅದರ ಮೇಲೆ ಕೈ ಇಡ್ಬೇಕಂತೆ, ಸೀ ಅಲ್ಲಾಲ್ ಹೇಳಿದಾರೆ.”

“ಅಮ್ಮಾ, ನಾನು ವಿಜ್ಞಾನದ ವಿದ್ಯಾರ್ಥಿ.”

“ವಿಜ್ಞಾನ ಬಲಗಡೆ ಇಟ್ಕೋ. ಇದು ಎಡಗಡೆ ಇರ್ಲಿ.”

ಪರೀಕ್ಷಾ ಕೋಣೆಗೆ ಹೋಗುವಾಗ ಝುಹೈರನಿಗೆ ತನ್ನ ಜೇಬುಗಳು ವಿಚಿತ್ರವೆನಿಸುವಷ್ಟು ಹಗುರವಾಗಿದ್ದವು. ಸುತ್ತಲೂ ಹುಡುಗರು ಸೊಂಟ, ಕಾಲುಚೀಲ, ತೋಳುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವನಿಗೆ ಅವರ ಮೇಲೆ ಮರುಕ ಹುಟ್ಟಿತು. ಬೆಳಿಗ್ಗೆ ಹತ್ತು ಗಂಟೆಯವರೆಗೆ ತಾನೂ ಅದೇ ಜಾತಿಯವನಾಗಿದ್ದೆ ಎನ್ನುವುದು ಎಷ್ಟೋ ಹಿಂದಿನ ಮಾತಾಗಿ ಕಂಡಿತು. ಪ್ರಾಮಾಣಿಕತೆ ಐದು ಗಂಟೆ ಹಳತಾದರೆ ಮನುಷ್ಯನಿಗೆ ಎಷ್ಟು ಜಂಬ ಬರುತ್ತದೋ ಅಷ್ಟೂ ಅವನಿಗೆ ಬಂದಿತ್ತು.

ಪ್ರಶ್ನೆಪತ್ರಿಕೆ ಬಂತು. ಇತಿಹಾಸದ ಪ್ರಬಂಧ: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೊರೊಕ್ಕೊದ ಮೇಲೆ ಬಿದ್ದ ವಸಾಹತುಶಾಹಿ ಒತ್ತಡ. ಸೀ ಅಲ್ಲಾಲರ ಅಜ್ಜ ಕುದುರೆ ಮೇಲೆ ಕೂತಿದ್ದ ಪಾಠವೇ! ಝುಹೈರ್ ಬರೆಯತೊಡಗಿದ. ಒಂದು ಪುಟ ತುಂಬಿತು, ಎರಡನೆಯದೂ ಅರ್ಧವಾಯಿತು. ಹದಿನಾಲ್ಕೇನು, ಹದಿನಾರೂ ಬರಬಹುದು.

ಆಗ ತಪಾಸಣೆಯ ಅಧಿಕಾರಿ ಒಳಗೆ ಬಂದರು. ಅವರ ಕೈಯಲ್ಲಿ, ಬಚ್ಚಿಟ್ಟ ಫೋನನ್ನು ಪತ್ತೆ ಹಚ್ಚುವ ಉದ್ದನೆಯ ಕೋಲು. ಅದನ್ನು ಸಾಲಿನಲ್ಲಿ ಒಬ್ಬೊಬ್ಬರ ಮೈಮೇಲೆ ಆಡಿಸುತ್ತ ಬಂದು ಝುಹೈರನ ಎದೆಯ ಹತ್ತಿರ ತಂದಾಗ ಅದು ಕಿರುಚಿಕೊಂಡಿತು.

“ಏನಿದೆ ಅಲ್ಲಿ?”

“ಪಿನ್ನು, ಸರ್. ತಾಯಿತಕ್ಕೆ ಹಾಕಿದ್ದು. ನಮ್ಮಮ್ಮ ಕಟ್ಟಿದ್ದು.”

ಕೋಣೆಯೆಲ್ಲ ನಕ್ಕಿತು. ಮೇಲ್ವಿಚಾರಣೆಗೆ ಕೂತಿದ್ದ ಶಿಕ್ಷಕಿ ಕೂಡ ನಕ್ಕು, “ಬಿಡಿ ಸರ್, ನಾನು ಪರೀಕ್ಷೆ ಬರೆಯೋವಾಗ ನಮ್ಮಮ್ಮನೂ ಒಂದು ಕಟ್ಟಿದ್ದರು. ಹುಡುಗ ಆಗಿನಿಂದ ಬಗ್ಗಿಸಿದ ತಲೆ ಎತ್ತಿಲ್ಲ,” ಎಂದರು. ಅಧಿಕಾರಿ ಹಸಿರು ಚೀಲವನ್ನು ಒಮ್ಮೆ ನೋಡಿ, ತಲೆಯಾಡಿಸಿ, ಮುಂದಿನ ಬೆಂಚಿಗೆ ಹೊರಟೇಬಿಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಸಾಲಿನಿಂದ ಯಾರೋ, “ತಾಯಿತವಂತೆ, ನಂಬಿದ್ವಿ!” ಎಂದು ಪಿಸುಗುಟ್ಟಿದ್ದು ಝುಹೈರನಿಗೆ ಕೇಳಿಸಿತು. ಇಷ್ಟು ಶುದ್ಧನಾಗಿ ಕೂತಿರುವ ತನ್ನ ಮೇಲೆ ಅನುಮಾನವೆ? ಅವನು ಎದ್ದು ನಿಂತ.

“ಸರ್, ಬಿಚ್ಚಿ ನೋಡಿ.”

“ಬೇಡ, ಕೂತ್ಕೋ.”

“ಇಲ್ಲ ಸರ್, ಎಲ್ಲರ ಮುಂದೆ ನೋಡಿ. ನನ್ನ ಹತ್ರ ಮುಚ್ಚಿಡೋದು ಏನೂ ಇಲ್ಲ.” ತಾನೇ ಪಿನ್ನು ಕಿತ್ತು, ಚೀಲವನ್ನು ಅಧಿಕಾರಿಯ ಅಂಗೈಯಲ್ಲಿಟ್ಟ.

ಅಧಿಕಾರಿ ಬೇಸರದಿಂದ ದಾರ ಎಳೆದು, ಮಡಿಸಿದ ಕಾಗದ ಬಿಚ್ಚಿದರು. ಕೇಸರಿಯ ಶಾಯಿ, ಹಲಗೆಯ ಮೇಲೆ ತಿದ್ದಿದಂಥ ದುಂಡನೆಯ ಅಕ್ಷರ. ಅವರ ತುಟಿ ಅಲುಗಿತು, ನಿಂತಿತು, ಮತ್ತೆ ಮೊದಲಿಂದ ಅಲುಗಿತು. ಆಮೇಲೆ ಗಟ್ಟಿಯಾಗಿ ಓದಿದರು:

“‘ವಸಾಹತುಶಾಹಿ ಒತ್ತಡದ ಹಂತಗಳು. ಒಂದನೆಯದು...’” ಕೋಣೆಯಲ್ಲಿ ಲೇಖನಿಗಳೆಲ್ಲ ನಿಂತವು. ಅಧಿಕಾರಿ ಕೆಳಗಿನ ಸಾಲಿಗೆ ಕಣ್ಣು ಹಾಯಿಸಿದರು. “‘ಮಗೂ, ಆ ಇರುವೆ ಅಕ್ಷರ ಕಣ್ಣಿಗೆ ಒಳ್ಳೇದಲ್ಲ. ಅದಕ್ಕೆ ಕಾಣೋ ಹಾಗೆ ಬರೆದಿದ್ದೀನಿ. ಅಮ್ಮನಿಗೆ ಹೇಳಬೇಡ.’”

“ಸರ್, ನನಗೆ ಗೊತ್ತಿರ್ಲಿಲ್ಲ! ದೇವರಾಣೆ, ನಾನು ಅದನ್ನ ನೋಡೇ ಇಲ್ಲ!”

ಅಧಿಕಾರಿ ಅವನ ಉತ್ತರಪತ್ರಿಕೆಯನ್ನು ಎತ್ತಿಕೊಂಡು ತಾಯಿತದ ಪಕ್ಕ ಇಟ್ಟರು. ಸಾಲಿನಿಂದ ಸಾಲಿಗೆ ಬೆರಳು ಓಡಿಸುತ್ತ ಎರಡನ್ನೂ ಬಹಳ ಹೊತ್ತು ಹೋಲಿಸಿ ನೋಡಿದರು.

“ನೀನು ನೋಡಿಲ್ಲ ಅನ್ನೋದು ನಿಜ,” ಎಂದರು ಕೊನೆಗೆ.

ಝುಹೈರನಿಗೆ ಹೋದ ಉಸಿರು ಬಂತು.

“ಅಲ್ಜೆಸಿರಾಸ್ ಸಮ್ಮೇಳನ ೧೯೦೬, ಫ್ರಾನ್ಸ್ ನಮ್ಮ ದೇಶ ತಗೊಂಡ ಒಪ್ಪಂದ ೧೯೧೨ ಅಂತ ಇದರಲ್ಲಿ ಸರಿಯಾಗಿದೆ. ನೀನು ಅದಲು ಬದಲು ಬರೆದಿದ್ದೀಯ. ಮೊದಲು ದೇಶ ತಗೊಂಡು ಆಮೇಲೆ ತಗೊಳ್ಳೋದಾ ಬೇಡ್ವಾ ಅಂತ ಸಭೆ ಸೇರಿದ್ರಾ?” ಅವರು ಜೇಬಿನಿಂದ ವರದಿಯ ನಮೂನೆ ತೆಗೆದು, ಅವನ ಹೆಸರು ಬರೆದು, ಮುಂದೆ ತಳ್ಳಿದರು. “ನೋಡಿದ್ಯೋ ಇಲ್ವೋ ಅಂತ ನಿಯಮ ಕೇಳಲ್ಲ. ಮೈಮೇಲೆ ಇದ್ರೆ ಸಾಕು, ಸೊನ್ನೆ. ಹಾಕು ಸಹಿ.”

ಝುಹೈರ್ ಸಹಿ ಹಾಕಿದ. ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

“ಏನು ಅಕ್ಷರ, ಏನು ಅಕ್ಷರ! ಇಷ್ಟು ಚೆಂದವಾಗಿ ಬರೆದು ಕೊಟ್ಟಿದಾರೆ ಮಾರಾಯ, ಒಂದು ಸಲ ನೋಡಬಾರ್ದಿತ್ತಾ?”